ಎಲೆಮರೆಯ ಕಾಯಿ: ಮೆಚ್ಚುಗೆಯೋ, ಮರೆವೋ?

(ಕನ್ನಡದ ನುಡಿಗಟ್ಟುಗಳನ್ನು ಕುರಿತ ಉಪನ್ಯಾಸವೊಂದರ ಬರಹ ರೂಪ)

ಹಿತ್ತಿಲಲ್ಲಿ ಹೀರೆಯ ಚಪ್ಪರ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಬೆಳಿಗ್ಗೆ ಎದ್ದು ಬಳ್ಳಿಯನ್ನೆಲ್ಲ ಜಾಲಾಡಿ, ಕಂಡ ಕಾಯಿಯನ್ನೆಲ್ಲ ಕಿತ್ತು, ಇನ್ನು ಒಂದೂ ಉಳಿದಿಲ್ಲ ಎಂದುಕೊಂಡು ಬುಟ್ಟಿ ಎತ್ತಿಕೊಂಡು ಒಳಗೆ ಬರುತ್ತಾರೆ. ನಾಲ್ಕು ದಿನ ಕಳೆದ ಮೇಲೆ ಅದೇ ಚಪ್ಪರದ ಕೆಳಗೆ ನಿಂತು ತಲೆಯೆತ್ತಿದರೆ ಮೊಳದುದ್ದದ ಕಾಯಿಯೊಂದು ತೂಗಾಡುತ್ತಿರುತ್ತದೆ. ಮೊನ್ನೆಯೂ ಅದು ಅಲ್ಲೇ ಇತ್ತು. ಕಣ್ಣು ಅದರ ಮೇಲೆಯೇ ಹಾದುಹೋಗಿತ್ತು. ನಡುವೆ ಒಂದು ಎಲೆ ಅಡ್ಡವಿತ್ತು, ಅಷ್ಟೆ.

ಯಾರೋ ಒಬ್ಬ ರೈತನೋ, ಕಾಯಿ ಕೀಳಲು ಹೋದ ಹೆಣ್ಣುಮಗಳೋ ಈ ಅನುಭವವನ್ನು ಮನುಷ್ಯರಿಗೆ ಹಚ್ಚಿ ನೋಡಿರಬೇಕು. ಹಾಗೆ ಹುಟ್ಟಿದ್ದು ‘ಎಲೆಮರೆಯ ಕಾಯಿ’ ಎಂಬ ನುಡಿಗಟ್ಟು. ಯೋಗ್ಯತೆಯಿದ್ದೂ ಹೆಸರಿಗೆ ಬಾರದವರು, ಸದ್ದಿಲ್ಲದೆ ದೊಡ್ಡ ಕೆಲಸ ಮಾಡಿದವರು, ವೇದಿಕೆಯ ಹಿಂದೆಯೇ ಉಳಿದವರು — ಇವರನ್ನೆಲ್ಲ ಕನ್ನಡ ಈ ಒಂದು ಮಾತಿನಿಂದ ಕರೆಯುತ್ತದೆ. ಇಂದು ಇದರಷ್ಟು ಬಳಕೆಯಲ್ಲಿರುವ ನುಡಿಗಟ್ಟುಗಳು ಕಡಿಮೆ. ಯಾವುದೇ ಊರಿನ ಸನ್ಮಾನ ಸಮಾರಂಭಕ್ಕೆ ಹೋಗಿ, ನಿರೂಪಕರ ಬಾಯಲ್ಲಿ ಒಮ್ಮೆಯಾದರೂ ಅದು ಬರುತ್ತದೆ. ಪತ್ರಿಕೆಗಳ ವ್ಯಕ್ತಿಪರಿಚಯದಲ್ಲಿ, ಪುಸ್ತಕದ ಮುನ್ನುಡಿಯಲ್ಲಿ, ಶ್ರದ್ಧಾಂಜಲಿ ಸಭೆಯಲ್ಲಿ ಅದು ಇದ್ದೇ ಇರುತ್ತದೆ. ಇಷ್ಟು ಸಲೀಸಾಗಿ ಬಳಕೆಯಾಗುವ ಮಾತು ಸವೆದುಹೋಗುವುದು ಸಹಜ. ಸವೆದ ನಾಣ್ಯವನ್ನು ಒಮ್ಮೆ ಬೆಳಕಿಗೆ ಹಿಡಿದು ಅದರ ಮೇಲಿನ ಅಚ್ಚನ್ನು ಓದಿ ನೋಡಿದರೆ ತಪ್ಪಿಲ್ಲ.

ಮೊದಲು ಪದದ ರಚನೆಯನ್ನು ನೋಡೋಣ. ಎಲೆಯ ಮರೆ ಎಲೆಮರೆ. ಅಲ್ಲಿರುವ ಕಾಯಿ ಎಲೆಮರೆಯ ಕಾಯಿ. ಮೂರೂ ಅಚ್ಚಗನ್ನಡದ ಮಾತುಗಳು. ಸಂಸ್ಕೃತದ ಹಂಗಿಲ್ಲ, ಪುರಾಣದ ಕಥೆಯ ಬೆಂಬಲ ಬೇಕಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಪಾಂಡಿತ್ಯ ಬೇಡ, ಒಂದು ಬಳ್ಳಿಯನ್ನು ನೋಡಿದ್ದರೆ ಸಾಕು. ಆದರೆ ಈ ಮೂರು ಪದಗಳಲ್ಲಿ ನಡುವಿನದು, ‘ಮರೆ’ ಎಂಬುದು, ಕಂಡಷ್ಟು ಸರಳವಲ್ಲ. ಅದಕ್ಕೆ ಮೂರು ಮುಖಗಳಿವೆ. ಮರೆಹೊಕ್ಕವರನ್ನು ಕಾಯಬೇಕು ಎನ್ನುವಾಗ ಮರೆ ಎಂದರೆ ಆಶ್ರಯ. ಮರೆಮಾಚು, ಮರೆಯಾಗು ಎನ್ನುವಾಗ ಅದು ಕಣ್ಣಿಗೆ ಬೀಳದ ಸ್ಥಿತಿ. ಹೆಸರು ಮರೆತುಹೋಯಿತು ಎನ್ನುವಾಗ ಅದೇ ಉಚ್ಚಾರದ ಮಾತು ಮನಸ್ಸಿನಿಂದ ಜಾರಿಹೋಗುವುದನ್ನು ಹೇಳುತ್ತದೆ. ಆಶ್ರಯ, ಅಡಗುವಿಕೆ, ಮರೆವು — ಎಲೆಮರೆಯ ಕಾಯಿ ಎಂದು ಒಬ್ಬರನ್ನು ಕರೆಯುವಾಗ ಈ ಮೂರರಲ್ಲಿ ಯಾವುದನ್ನು ಹೇಳುತ್ತಿದ್ದೇವೆ ಎಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಬೇಕಾದದ್ದು ಅದನ್ನೇ.

ಕಾಣದಿರುವುದನ್ನು ಕುರಿತ ನುಡಿಗಟ್ಟುಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅವುಗಳ ಪಕ್ಕದಲ್ಲಿಟ್ಟು ನೋಡಿದರೆ ಇದರ ವಿಶೇಷ ತಿಳಿಯುತ್ತದೆ. ‘ಬೂದಿ ಮುಚ್ಚಿದ ಕೆಂಡ’ವೂ ಮರೆಯಲ್ಲಿರುವುದೇ. ಆದರೆ ಅಲ್ಲಿ ಅಡಗಿರುವುದು ಅಪಾಯ, ಮುಟ್ಟಿದರೆ ಸುಡುತ್ತದೆ. ‘ಅತ್ತಿಯ ಹೂ’ ಕಾಣುವುದೇ ಇಲ್ಲ. ಅತ್ತಿಯ ಹೂಗಳು ಕಾಯಿಯಂತೆ ಕಾಣುವ ಗೊಂಚಲಿನ ಒಳಗೇ ಅರಳುವುದರಿಂದ ಅಪರೂಪಕ್ಕೆ ಮುಖ ತೋರುವವರಿಗೆ ಆ ಮಾತು ಸಲ್ಲುತ್ತದೆ. ‘ಅಡವಿಯ ಬೆಳದಿಂಗಳು’ ಎಂಬಲ್ಲಿ ವಿಷಾದವಿದೆ. ಸೊಗಸಿದ್ದೂ ನೋಡುವವರಿಲ್ಲದೆ ವ್ಯರ್ಥವಾಯಿತಲ್ಲ ಎಂಬ ಕೊರಗು. ‘ಹಿತ್ತಲ ಗಿಡ ಮದ್ದಲ್ಲ’ ಎಂಬುದರಲ್ಲಿ ತಿರಸ್ಕಾರವಿದೆ. ಕಣ್ಣಿಗೆ ಬಿದ್ದರೂ ಬೆಲೆ ಸಿಗದ ಸ್ಥಿತಿ ಅದು. ಇನ್ನು ‘ತಲೆಮರೆಸಿಕೊಂಡಿದ್ದಾನೆ’ ಎಂದರೆ ಪೊಲೀಸರಿಗೆ ಬೇಕಾದವನು ಎಂದೇ ಅರ್ಥ. ಎಲೆಮರೆಯ ಕಾಯಿಯಲ್ಲಿ ಅಪಾಯವಿಲ್ಲ, ಕೊರಗಿಲ್ಲ, ತಪ್ಪಿನ ನೆರಳಿಲ್ಲ. ಅಲ್ಲಿರುವುದು ತಿನ್ನಲು ಬರುವ, ಬೀಜ ಕಟ್ಟುವ, ದಿನದಿನಕ್ಕೂ ಬೆಳೆಯುತ್ತಿರುವ ಒಂದು ಕಾಯಿ. ನೋಡುವವರಿಲ್ಲದಿದ್ದರೂ ಅದರ ಬೆಳವಣಿಗೆ ನಿಂತಿಲ್ಲ. ಬೆಳದಿಂಗಳಿಗೂ ಕಾಯಿಗೂ ಇರುವ ಅಂತರ ಇದೇ.

ಪಕ್ಕದ ಭಾಷೆಗಳಲ್ಲೂ ಈ ಚಿತ್ರ ಉಂಟು. ತಮಿಳಿನಲ್ಲಿ ‘ಇಲೈಮರೈ ಕಾಯ್’ ಎನ್ನುತ್ತಾರೆ. ಅಕ್ಷರಶಃ ಇದೇ ಮಾತು. ಆದರೆ ಅಲ್ಲಿ ಅದು ಹೆಚ್ಚಾಗಿ ಮನುಷ್ಯರಿಗಿಂತ ಮಾತಿಗೆ ಸಲ್ಲುತ್ತದೆ. ನೇರವಾಗಿ ಹೇಳದೆ ಸೂಚ್ಯವಾಗಿ, ಮುಚ್ಚಿದಂತೆಯೂ ತೋರಿದಂತೆಯೂ ಹೇಳುವ ರೀತಿಗೆ. ತೆಲುಗಿನ ‘ಆಕುಚಾಟು ಪಿಂದೆ’ಯಲ್ಲಿ ಎಲೆಯ ಮರೆಯಲ್ಲಿರುವುದು ಬಲಿತ ಕಾಯಿಯಲ್ಲ, ಹೀಚು. ಹಾಗಾಗಿ ಅಲ್ಲಿ ಹಿರಿಯರ ರಕ್ಷಣೆಯಲ್ಲಿರುವ ಎಳೆಯ ಜೀವದ ಭಾವ ಮುಂದೆ ಬರುತ್ತದೆ. ಒಂದೇ ಬಳ್ಳಿಯನ್ನು ನೋಡಿ ತಮಿಳರು ಸೂಚನೆಯನ್ನೂ, ತೆಲುಗರು ಆಶ್ರಯವನ್ನೂ, ಕನ್ನಡಿಗರು ಕಾಣದ ಯೋಗ್ಯತೆಯನ್ನೂ ಕಂಡರು ಎನ್ನಬಹುದು. ಇಂಗ್ಲಿಷಿನವರು ಇಂಥ ವ್ಯಕ್ತಿಯನ್ನು ಯಾರೂ ಹಾಡಿ ಹೊಗಳದ ವೀರ ಎನ್ನುತ್ತಾರೆ. ಅವರಿಗೆ ಕೊರತೆಯಾದದ್ದು ಕಿವಿಗೆ, ಕನ್ನಡಕ್ಕೆ ಕಣ್ಣಿಗೆ. ಅವರ ಮಾತಿನಲ್ಲಿ ರಣರಂಗದ ನೆನಪಿದೆ, ನಮ್ಮದರಲ್ಲಿ ತರಕಾರಿ ತೋಟದ್ದು.

ಈಗ ಇನ್ನೊಂದು ಪ್ರಶ್ನೆ. ಎಲೆಮರೆಯ ‘ಕಾಯಿ’ ಏಕೆ? ಎಲೆಮರೆಯ ‘ಹಣ್ಣು’ ಎಂದು ಯಾರೂ ಏಕೆ ಹೇಳುವುದಿಲ್ಲ?

ಕನ್ನಡದ ಹಳ್ಳಿಗರು ಬೆಳವಣಿಗೆಯ ಹಂತಗಳಿಗೆ ಬೇರೆಬೇರೆ ಹೆಸರು ಇಟ್ಟಿದ್ದಾರೆ. ಹೂ ಉದುರಿ ಕಟ್ಟಿದ್ದು ಹೀಚು, ಉಪ್ಪಿನಕಾಯಿಗೆ ಬರುವುದು ಮಿಡಿ, ಬಲಿತದ್ದು ಕಾಯಿ, ಬಣ್ಣ ತಿರುಗಲು ತೊಡಗಿದ್ದು ದೋರೆಗಾಯಿ, ಆಮೇಲೆ ಹಣ್ಣು. ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಜನ ಈ ನುಡಿಗಟ್ಟಿಗೆ ಕಾಯಿಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಸಸ್ಯದ ಬದುಕಿನಲ್ಲಿ ಅಡಗಿರಬೇಕಾದದ್ದು ಕಾಯಿ. ಬೀಜ ಬಲಿಯುವ ಮೊದಲೇ ಹಕ್ಕಿಯೋ ಅಳಿಲೋ ತಿಂದುಬಿಟ್ಟರೆ ಗಿಡಕ್ಕೆ ನಷ್ಟ. ಅದಕ್ಕಾಗಿಯೇ ಅನೇಕ ಗಿಡಗಳ ಕಾಯಿ ಎಲೆಯ ಬಣ್ಣದ್ದೇ ಆಗಿರುತ್ತದೆ. ಹುಳಿ, ಕಹಿ, ಒಗರುಗಳ ಕಾವಲೂ ಅದಕ್ಕಿರುತ್ತದೆ. ಬೀಜ ಬಲಿತ ಮೇಲೆ ಇದೇ ಗಿಡದ ನೀತಿ ತಿರುಗುಮುರುಗಾಗುತ್ತದೆ. ಕಾಯಿ ಬಣ್ಣ ಬದಲಿಸುತ್ತದೆ, ಸಿಹಿಯಾಗುತ್ತದೆ, ಕಂಪು ಬೀರುತ್ತದೆ. ‘ಇಗೋ ಇಲ್ಲಿದ್ದೇನೆ, ಬನ್ನಿ’ ಎಂದು ಹಕ್ಕಿಯನ್ನೂ ಬಾವಲಿಯನ್ನೂ ಕರೆಯುತ್ತದೆ. ಹಲಸು ಹಣ್ಣಾದರೆ ಎಷ್ಟು ಎಲೆಗಳಿದ್ದರೂ ಮುಚ್ಚಿಡಲಾದೀತೆ? ಓಣಿಯ ತುದಿಗೇ ವಾಸನೆ ಬರುತ್ತದೆ.

ಅಂದರೆ ಎಲೆಯ ಮರೆ ಒಂದು ಕಾಲಕ್ಕೆ ಸಲ್ಲುವಂಥದ್ದು, ಕೊನೆಯವರೆಗೆ ಇರಬೇಕಾದದ್ದಲ್ಲ. ನುಡಿಗಟ್ಟಿನ ಒಳಗೇ ಈ ತಿಳಿವು ಅಡಗಿದೆ. ಅರವತ್ತು ವರ್ಷ ದುಡಿದವರನ್ನು ಕರೆತಂದು ಶಾಲು ಹೊದಿಸಿ ‘ಇವರು ಎಲೆಮರೆಯ ಕಾಯಿ’ ಎನ್ನುವಾಗ ಅವರು ಹಣ್ಣಾಗಿ ಎಷ್ಟು ವರ್ಷವಾಯಿತು ಎಂಬುದನ್ನು ನೋಡದ ತಪ್ಪು ಯಾರದು? ಹಣ್ಣು ತನ್ನ ಕಂಪನ್ನು ಬೀರಿದೆ. ಮೂಗು ಕಟ್ಟಿದ್ದರೆ ಅದು ಏನು ಮಾಡೀತು?

ಎಲೆಯೂ ಒಂದೇ ಬಗೆಯದಲ್ಲ. ಮರೆ ಎಂಬ ಮಾತಿಗೆ ಮೂರು ಮುಖ ಇರುವಂತೆ ಎಲೆಮರೆಯಲ್ಲೂ ಮೂರು ವಿಧ.

ಮೊದಲನೆಯದು ಕಾಪಾಡುವ ಎಲೆ. ಟೊಮ್ಯಾಟೊ, ಮೆಣಸಿನಕಾಯಿ, ದಾಳಿಂಬೆ ಬೆಳೆಯುವವರನ್ನು ಕೇಳಿ. ರೋಗದಿಂದಲೋ ಬರದಿಂದಲೋ ಎಲೆ ಉದುರಿದರೆ ಕಾಯಿಯ ಮೇಲೆ ನೇರ ಬಿಸಿಲು ಬಿದ್ದು ಸುಟ್ಟ ಕಲೆ ಮೂಡುತ್ತದೆ, ಮಾಲು ಬೆಲೆ ಕಳೆದುಕೊಳ್ಳುತ್ತದೆ. ನೆರಳು ಕೊಡುವುದಷ್ಟೇ ಎಲೆಯ ಕೆಲಸವಲ್ಲ. ಬಿಸಿಲನ್ನು ತಾನು ಹೀರಿ ಸಕ್ಕರೆ ತಯಾರಿಸಿ ಪಕ್ಕದ ಕಾಯಿಗೆ ಉಣಿಸುವುದೂ ಅದೇ. ಕಲೆಯ ಲೋಕದಲ್ಲಿ ಗುರುವಿನ ಮನೆ ಇಂಥ ಎಲೆ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಮನೆ ಬಿಟ್ಟು ಊರೂರು ಅಲೆದು, 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ಸೇರಿದರು. ಅಲ್ಲಿ ನೀರು ಹೊತ್ತು, ಮನೆಗೆಲಸ ಮಾಡಿ, ಗುರುವಿನ ಹಿಂದೆ ಕುಳಿತು ಕಲಿತರು. ಗಂಗೂಬಾಯಿ ಹಾನಗಲ್ ಅವರು ಅದೇ ಗುರುವಿನ ಪಾಠಕ್ಕಾಗಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಆ ವರ್ಷಗಳಲ್ಲಿ ಭೀಮಸೇನರ ಹೆಸರು ನಾಡಿಗೆ ತಿಳಿದಿರಲಿಲ್ಲ. ಅದರಿಂದ ನಷ್ಟವೇನೂ ಆಗಲಿಲ್ಲ, ಲಾಭವೇ ಆಯಿತು. ಇಂದು ಏಳೆಂಟು ವರ್ಷದ ಮಗು ಎರಡು ಹಾಡು ಕಲಿತೊಡನೆ ದೂರದರ್ಶನದ ಸ್ಪರ್ಧೆಯ ಬೆಳಕಿಗೆ ನಿಲ್ಲುತ್ತದೆ, ಮೊಬೈಲಿನ ಪರದೆಯ ಮೇಲೆ ಲಕ್ಷ ಜನರ ಮುಂದೆ ಬರುತ್ತದೆ. ಹೀಚಿನ ಮೇಲೆ ನಡುಹಗಲ ಬಿಸಿಲು ಬಿದ್ದಂತೆ. ಎಲೆಯ ಮರೆ ಬೇಕಾದ ಕಾಲದಲ್ಲಿ ಅದು ಇಲ್ಲದಿರುವುದೂ ಒಂದು ಬಡತನವೇ.

ಎರಡನೆಯದು ತಾನಾಗಿ ಆರಿಸಿಕೊಂಡ ಎಲೆ. ಕೆಲವರು ಕಾಣಿಸಿಕೊಳ್ಳಲು ಬಯಸುವುದಿಲ್ಲ. ಡಿ.ವಿ. ಗುಂಡಪ್ಪನವರ ‘ವನಸುಮ’ವನ್ನು ಶಾಲೆಯಲ್ಲಿ ಕಲಿಯದ ಕನ್ನಡಿಗರು ವಿರಳ. ಕಾಡಿನಲ್ಲಿ ಯಾರ ಮೆಚ್ಚುಗೆಯನ್ನೂ ಕಾಯದೆ ಅರಳುವ ಹೂವಿನಂತೆ ತನ್ನ ಬಾಳಾಗಲಿ ಎಂಬ ಪ್ರಾರ್ಥನೆ ಅದು. 1751ರಲ್ಲಿ ಪ್ರಕಟವಾದ ತನ್ನ ಸುಪ್ರಸಿದ್ಧ ಶೋಕಗೀತೆಯಲ್ಲಿ ಇಂಗ್ಲಿಷ್ ಕವಿ ಥಾಮಸ್ ಗ್ರೇ ಯಾರೂ ನೋಡದೆಡೆ ಅರಳಿ ಬಾಡುವ ಹೂವನ್ನು ಕಂಡು ಮರುಗಿದ್ದ. ಹಳ್ಳಿಯ ಸ್ಮಶಾನದಲ್ಲಿ ಮಲಗಿರುವ ಬಡವರಲ್ಲಿ ಎಷ್ಟು ಪ್ರತಿಭೆ ಅರಳದೆ ಹೋಯಿತೋ ಎಂಬ ಕೊರಗು ಅವನದು. ಗುಂಡಪ್ಪನವರು ಅದೇ ಬಗೆಯ ಹೂವನ್ನು ಕಂಡು ಮರುಗಲಿಲ್ಲ, ಹಾಗಾಗಬೇಕೆಂದು ಬಯಸಿದರು. ಒಂದೇ ಹೂ, ಎರಡು ನೋಟ. ಎರಡೂ ನಿಜವೇ. ಏಕೆಂದರೆ ಒಬ್ಬನ ಹೂ ಅವಕಾಶ ಸಿಗದೆ ಮರೆಯಲ್ಲಿ ಉಳಿದದ್ದು, ಇನ್ನೊಬ್ಬರದು ತಾನೇ ಮರೆಯನ್ನು ಆರಿಸಿಕೊಂಡದ್ದು.

ಇನ್ನೊಂದು ಸ್ವಾರಸ್ಯ ನೋಡಿ. ತಾನು ವನಸುಮವಾಗಲಿ ಎಂದು ಪ್ರಾರ್ಥಿಸಿದ ಇದೇ ಗುಂಡಪ್ಪನವರು ಇತರರ ವಿಷಯದಲ್ಲಿ ಹಾಗೆ ಸುಮ್ಮನಿರಲಿಲ್ಲ. ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳಲ್ಲಿ ದಿವಾನರ, ವಿದ್ವಾಂಸರ ಜೊತೆಗೆ ತಾವು ಕಂಡ ಸಾಮಾನ್ಯರನ್ನೂ, ಕಲೆಯನ್ನು ನಂಬಿ ಬದುಕಿದವರನ್ನೂ ಹೆಸರಿಡಿದು ದಾಖಲಿಸಿದರು. ತನ್ನ ಮಟ್ಟಿಗೆ ಮರೆ, ಇತರರ ಮಟ್ಟಿಗೆ ಬೆಳಕು! ವಿನಯ ಎಂದರೆ ಇದು. ಅದು ತನ್ನ ಮೇಲೆ ತಾನು ಹಾಕಿಕೊಳ್ಳುವ ನಿಯಮ, ಪರರ ಮೇಲೆ ಹೇರುವಂಥದ್ದಲ್ಲ.

ಹನ್ನೆರಡನೆಯ ಶತಮಾನದ ವಚನಕಾರರೂ ಒಂದು ಬಗೆಯಲ್ಲಿ ಮರೆಯನ್ನು ಆರಿಸಿಕೊಂಡವರೇ. ವಚನದ ಕೊನೆಗೆ ಅವರು ಇಟ್ಟದ್ದು ತಮ್ಮ ಹೆಸರನ್ನಲ್ಲ, ಇಷ್ಟದೈವದ ಹೆಸರನ್ನು. ಬಸವಣ್ಣನವರು ‘ಕೂಡಲಸಂಗಮದೇವ’ನ ಮರೆಯಲ್ಲಿ ನಿಂತರು. ಆಯ್ದಕ್ಕಿ ಲಕ್ಕಮ್ಮ ತನ್ನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರನ್ನೂ ಅಮರೇಶ್ವರಲಿಂಗವನ್ನೂ ಜೋಡಿಸಿದಳೇ ಹೊರತು ತನ್ನ ಹೆಸರನ್ನು ತರಲಿಲ್ಲ. ಆದರೆ ಚೋದ್ಯವೆಂದರೆ, ಇಂದು ಯಾವ ವಚನ ಯಾರದು ಎಂದು ಗುರುತಿಸಲು ನೆರವಾಗುವುದು ಆ ಅಂಕಿತಗಳೇ. ಎಲೆಯೇ ಗುರುತಾಯಿತು. ಹಾಗೆ ಗುರುತಿಸುವ ಕೆಲಸವೂ ತಾನಾಗಿ ಆಗಲಿಲ್ಲ. ಶತಮಾನಗಳ ಕಾಲ ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ ತಾಳೆಯೋಲೆಯ ಕಟ್ಟುಗಳಲ್ಲಿದ್ದ ವಚನಗಳನ್ನು ಹುಡುಕಿ ಅಚ್ಚಿಗೆ ತರಲು ಫ.ಗು. ಹಳಕಟ್ಟಿಯವರು (1880–1964) ತಮ್ಮ ಜೀವಮಾನವನ್ನೇ ತೆತ್ತರು. ವಕೀಲಿ ವೃತ್ತಿಯ ಸಂಪಾದನೆ, ಇದ್ದ ಮನೆ, ಎಲ್ಲವೂ ವಿಜಾಪುರದ ಅವರ ಮುದ್ರಣಾಲಯದ ಪಾಲಾಯಿತು. ಓಲೆಯ ಮರೆಯ ಕಾಯಿಯನ್ನು ಹೊರತೆಗೆದವರು ಎಂದು ಅವರನ್ನು ಕರೆದರೆ ಅದು ಬರಿಯ ಶ್ಲೇಷೆಯಾಗಲಾರದು.

ಮೂರನೆಯದು ಇತರರು ಅಡ್ಡ ಹಿಡಿದ ಎಲೆ. ನುಡಿಗಟ್ಟಿನ ಕಹಿ ಇರುವುದು ಇಲ್ಲಿಯೇ.

1117ರ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿದವರು ಯಾರು ಎಂದು ಯಾವ ಪ್ರವಾಸಿಯನ್ನು ಕೇಳಿದರೂ ಬರುವ ಉತ್ತರ ‘ಜಕಣಾಚಾರಿ’. ಅವನ ಕಥೆ, ಮಗ ಡಂಕಣನ ಕಥೆ, ಕಲ್ಲಿನೊಳಗಿನ ಕಪ್ಪೆಯ ಕಥೆ ಎಲ್ಲರಿಗೂ ಬಾಯಿಪಾಠ. ಆದರೆ ಅದೇ ಗುಡಿಯ ವಿಗ್ರಹಗಳ ಪೀಠದಲ್ಲಿ ಕೆತ್ತಿದವರ ಹೆಸರುಗಳು ಹಳಗನ್ನಡ ಅಕ್ಷರಗಳಲ್ಲಿ ಇವೆ. ಬಳ್ಳಿಗಾವೆಯ ದಾಸೋಜ ಇದ್ದಾನೆ, ಅವನ ಮಗ ಚಾವಣ ಇದ್ದಾನೆ, ಇನ್ನೂ ಹಲವರಿದ್ದಾರೆ. ಊರು, ತಂದೆಯ ಹೆಸರು, ತಮ್ಮ ಬಿರುದುಗಳು ಎಲ್ಲವನ್ನೂ ಹೇಳಿಕೊಂಡಿದ್ದಾರೆ. ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಸಹಿ ಒಂದೆರಡಲ್ಲ, ಹಲವು ವಿಗ್ರಹಗಳ ಕೆಳಗಿದೆ. ಈ ಸಹಿಗಳ ಸಾಲಿನಲ್ಲಿ ಜಕಣನ ಹೆಸರಿಲ್ಲ. ‘ನಮ್ಮ ಪ್ರಾಚೀನ ಶಿಲ್ಪಿಗಳು ಹೆಸರು ಬಯಸದ ಎಲೆಮರೆಯ ಕಾಯಿಗಳು’ ಎಂದು ಭಾಷಣಗಳಲ್ಲಿ ಹೇಳುವುದುಂಟು. ಹೊಯ್ಸಳರ ಕಾಲದ ಈ ರೂವಾರಿಗಳ ಮಟ್ಟಿಗಂತೂ ಅದು ನಿಜವಲ್ಲ. ಅವರು ಹೆಸರು ಬಯಸಿದರು, ಕಲ್ಲಿನಲ್ಲೇ ಬರೆದಿಟ್ಟರು. ಓದದೆ ಹೋದದ್ದು ನೋಡುಗರು. ದಂತಕಥೆಯ ಒಂದು ದೊಡ್ಡ ಎಲೆ ನೂರಾರು ನಿಜವಾದ ಹೆಸರುಗಳನ್ನು ಮುಚ್ಚಿತು.

ಕಲ್ಲಿನಲ್ಲಿ ಬರೆದಿಟ್ಟವರ ಗತಿ ಇದಾದರೆ ಬರೆಯಲು ಬಾರದವರ ಪಾಡೇನು? 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಕನ್ನಡ ಜಾನಪದದ ಇತಿಹಾಸದಲ್ಲಿ ಅದೊಂದು ಮೈಲಿಗಲ್ಲು. ಬೀಸುತ್ತ, ಕುಟ್ಟುತ್ತ, ತೊಟ್ಟಿಲು ತೂಗುತ್ತ ಹೆಂಗಸರು ಹಾಡಿದ ತ್ರಿಪದಿಗಳು ಕನ್ನಡದ ಶ್ರೇಷ್ಠ ಕಾವ್ಯದ ಸಾಲಿಗೆ ಸೇರಿದವು. ಸಂಗ್ರಹಿಸಿದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿದೆ, ಇರಬೇಕಾದದ್ದೇ. ಆದರೆ ಹಾಡು ಕಟ್ಟಿದವರು? ಪುಸ್ತಕದ ಹೆಸರೇ ಉತ್ತರ ಹೇಳುತ್ತದೆ: ‘ಗರತಿ’. ಅದು ಒಬ್ಬಾಕೆಯ ಹೆಸರಲ್ಲ, ಸಾವಿರಾರು ಹೆಂಗಸರಿಗೆ ಸೇರಿ ಇಟ್ಟ ಒಂದು ಗೌರವದ ಪದ. ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಹಾಡಿಗೆ ಒಬ್ಬ ಕರ್ತೃವನ್ನು ಹುಡುಕುವುದು ಸಾಧ್ಯವಿಲ್ಲ ಎಂಬುದು ಸರಿ. ಆದರೂ ಆ ಹೊತ್ತು ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ದನಿಗೊಂದು ಹೆಸರಿತ್ತಲ್ಲ!

ಹೆಸರಿದ್ದರೆ ಏನು, ಇಲ್ಲದಿದ್ದರೆ ಏನು ಎಂದು ಕೇಳಬಹುದು. ಹೆಸರು ಎಂದರೆ ಬರಿಯ ಕೀರ್ತಿಯಲ್ಲ, ಅನ್ನವೂ ಹೌದು. ಹಳ್ಳಿಯ ವೃದ್ಧ ಕಲಾವಿದರು ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವಾಗ ತಾವು ಕಲಾವಿದರೆಂಬುದಕ್ಕೆ ದಾಖಲೆ ಒದಗಿಸಬೇಕು. ಪ್ರಮಾಣಪತ್ರ, ಕರಪತ್ರ, ಪತ್ರಿಕೆಯ ತುಣುಕು, ಏನಾದರೂ. ನಲವತ್ತು ವರ್ಷ ಸೋಬಾನೆ ಹಾಡಿದ ಮುದುಕಿಗೆ, ಮೇಳದಲ್ಲಿ ಹಿಂದೆ ನಿಂತು ತಾಳ ಹಾಕಿದ ಅಜ್ಜನಿಗೆ ಅಂಥ ಒಂದು ಚೀಟಿ ಎಲ್ಲಿಂದ ಬರಬೇಕು? ಅವರನ್ನು ಕರೆಸಿದ ಮದುವೆ ಮನೆಯವರು ಹೆಸರು ಬರೆದಿಡಲಿಲ್ಲ, ಹಾಡಿಸಿದವರು ಕರಪತ್ರದಲ್ಲಿ ‘ಮತ್ತು ಸಂಗಡಿಗರು’ ಎಂದು ಅಚ್ಚು ಹಾಕಿಸಿದರು. ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳಷ್ಟು ದೊಡ್ಡ ಎಲೆ ಕನ್ನಡದಲ್ಲಿ ಇನ್ನೊಂದಿಲ್ಲ. ಸಂಗೀತ ಕಚೇರಿಯ ಆಮಂತ್ರಣವನ್ನೇ ತೆಗೆದು ನೋಡಿ. ಗಾಯಕರ, ಪಕ್ಕವಾದ್ಯದವರ ಹೆಸರುಗಳಿರುತ್ತವೆ. ಮೂರು ಗಂಟೆ ಹಿಂದೆ ಕುಳಿತು ತಂಬೂರಿ ಮೀಟಿದವರ ಹೆಸರು ಎಷ್ಟು ಆಮಂತ್ರಣಗಳಲ್ಲಿ ಇರುತ್ತದೆ?

ವಿದ್ಯಾಲಯಗಳಲ್ಲೂ ಈ ಎಲೆ ಅಡ್ಡ ಬಂದದ್ದುಂಟು. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕಡೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತುಗಳ ಮೇಲೆ ಸೇರಿಸಿಕೊಂಡರು. ಆಕೆಯ ಕೆಲಸ ರಾಮನ್ನರ ಮನಸ್ಸನ್ನು ಬದಲಿಸಿತು. ಮುಂದೆ ಕೇಂಬ್ರಿಡ್ಜಿನಲ್ಲಿ 1939ರಲ್ಲಿ ಡಾಕ್ಟರೇಟ್ ಪಡೆದ ಅವರು ಕಮಲಾ ಸೊಹೋನಿ ಎಂದು ಜೀವರಸಾಯನ ಶಾಸ್ತ್ರದಲ್ಲಿ ಹೆಸರಾದರು. ತಾವಾಗಿ ಮರೆಯನ್ನು ಬಯಸಿದವರಲ್ಲ ಅವರು, ಎಲೆಯನ್ನು ಕೈಯಾರೆ ಸರಿಸಿಕೊಂಡು ಹೊರಬಂದವರು. ಹಾಗೆ ಸರಿಸಲಾಗದೆ ಹಿಂದಿರುಗಿದವರ ಲೆಕ್ಕ ಯಾವ ಕಡತದಲ್ಲೂ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಪದ್ಮ ಪ್ರಶಸ್ತಿಗಳ ಪಟ್ಟಿ ಬಂದಾಗಲೆಲ್ಲ ‘ಎಲೆಮರೆಯ ಕಾಯಿಗಳಿಗೆ ಗೌರವ’ ಎಂಬ ತಲೆಬರಹ ಕಾಣುತ್ತದೆ. 2020ರ ಪದ್ಮಶ್ರೀ ಪಟ್ಟಿಯಲ್ಲಿ ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ತಮ್ಮೂರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಇದ್ದರು. ವಿದೇಶಿಯರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಪಟ್ಟ ಸಂಕೋಚವೇ ಅವರನ್ನು ಶಾಲೆಯ ಕಡೆಗೆ ನಡೆಸಿತು. ಅದೇ ಪಟ್ಟಿಯಲ್ಲಿ ಅಂಕೋಲಾ ತಾಲ್ಲೂಕು ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡ ಇದ್ದರು. ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದರು. ಕಾಡಿನಲ್ಲಿ ತಾಯಿ ಮರವನ್ನು ಗುರುತಿಸಿ, ಯಾವ ಬೀಜವನ್ನು ಯಾವಾಗ ಆರಿಸಬೇಕು ಎಂಬುದನ್ನು ಅವರಷ್ಟು ಬಲ್ಲವರು ಕಡಿಮೆ. ಪ್ರಶಸ್ತಿ ಬರುವ ಹೊತ್ತಿಗೆ ವಯಸ್ಸು ಎಪ್ಪತ್ತು ದಾಟಿತ್ತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಬಂದ ಅವರನ್ನು ದೇಶವೇ ನೋಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಗೌರವ ಸಂದದ್ದು ಸಂತೋಷದ ವಿಷಯ. ಆದರೆ ಅಷ್ಟು ವರ್ಷ ದಿನಗೂಲಿಯ ಲೆಕ್ಕದಲ್ಲಿ ನಡೆದ ಆ ಜ್ಞಾನಕ್ಕೆ ಅಡ್ಡವಿದ್ದ ಎಲೆ ಯಾವುದು ಎಂಬ ಪ್ರಶ್ನೆಯನ್ನು ಚಪ್ಪಾಳೆ ಮುಗಿದ ಮೇಲಾದರೂ ಕೇಳಬೇಡವೆ?

ಇಷ್ಟೆಲ್ಲ ನೋಡಿದ ಮೇಲೆ ಈ ಮಾತನ್ನು ಬಳಸುವ ರೀತಿಯ ಬಗ್ಗೆ ಎರಡು ಎಚ್ಚರಿಕೆಗಳನ್ನು ಹೇಳಬಹುದು. ಒಂದು, ಇದು ತನ್ನನ್ನು ಕುರಿತು ತಾನೇ ಹೇಳಿಕೊಳ್ಳುವ ಮಾತಲ್ಲ. ‘ನಾನೊಬ್ಬ ಎಲೆಮರೆಯ ಕಾಯಿ’ ಎಂದು ವೇದಿಕೆಯ ಮೇಲೆ ನಿಂತು ಹೇಳಿದ ಗಳಿಗೆಯೇ ಮರೆ ಹೋಯಿತು, ಕಾಯಿಯ ಬಗ್ಗೆಯೂ ಅನುಮಾನ ಹುಟ್ಟಿತು. ಎರಡು, ಇದು ಹೊಣೆ ಕಳಚಿಕೊಳ್ಳುವ ಮಾತಾಗಬಾರದು. ‘ಅವರು ಪ್ರಚಾರ ಬಯಸುವವರಲ್ಲ ಬಿಡಿ’ ಎನ್ನುವವರು ಒಮ್ಮೆಯಾದರೂ ಅವರನ್ನು ಕೇಳಿದ್ದಾರೆಯೇ? ಮರೆಯನ್ನು ಬಯಸಿದವರಿಗೂ ಮರೆಗೆ ತಳ್ಳಲ್ಪಟ್ಟವರಿಗೂ ಒಂದೇ ಹೊಗಳಿಕೆಯ ಶಾಲು ಹೊದಿಸಿದರೆ ಮೊದಲನೆಯವರ ವಿನಯಕ್ಕೂ ಬೆಲೆಯಿಲ್ಲ, ಎರಡನೆಯವರ ನೋವಿಗೂ ಬೆಲೆಯಿಲ್ಲ.

ಕಡೆಗೆ ಮತ್ತೆ ಚಪ್ಪರದ ಕೆಳಗೇ ಬರೋಣ. ಕಾಯಿ ಕೀಳಲು ಬಲ್ಲವರು ಎಲೆಯನ್ನು ಹರಿಯುವುದಿಲ್ಲ. ಮುಂಗೈಯಿಂದ ಮೆಲ್ಲಗೆ ಎತ್ತಿ, ಬಗ್ಗಿ ನೋಡಿ, ಎಳೆಯದಾದರೆ ಎಲೆಯನ್ನು ಮೊದಲಿನಂತೆಯೇ ಬಿಟ್ಟು ಮುಂದೆ ಸಾಗುತ್ತಾರೆ. ಬಲಿತಿದ್ದರೆ ಕೀಳುತ್ತಾರೆ. ದ್ರಾಕ್ಷಿ ಬೆಳೆಯುವವರು ಗೊಂಚಲಿಗೆ ಬೆಳಕು, ಗಾಳಿ ತಾಗಲೆಂದು ಕೆಲವು ಎಲೆ ತೆಗೆಯುತ್ತಾರೆ. ಹೆಚ್ಚು ತೆಗೆದರೆ ಬಿಸಿಲಿಗೆ ಸುಡುತ್ತದೆಂದು ಅಲ್ಲಿಗೇ ನಿಲ್ಲಿಸುತ್ತಾರೆ. ನೋಡದೆ ಬಿಟ್ಟ ಸೌತೆಕಾಯಿ ಬಳ್ಳಿಯಲ್ಲೇ ಹಳದಿಯಾಗಿ ಹಣ್ಣಾದರೆ ಹೊಸ ಕಾಯಿ ಕಟ್ಟುವುದೂ ಕಡಿಮೆಯಾಗುತ್ತದೆ. ಹಾಗೆಯೇ ಪ್ರತಿ ತೋಟದಲ್ಲೂ ಒಂದೆರಡು ಒಳ್ಳೆಯ ಕಾಯಿಗಳನ್ನು ಬೇಕೆಂದೇ ಕೀಳದೆ ಬಿಡುವುದುಂಟು. ಅವು ಬೀಜಕ್ಕೆ ಬಿಟ್ಟ ಕಾಯಿಗಳು. ಮುಂದಿನ ವರ್ಷದ ಚಪ್ಪರ ಅವುಗಳ ಹೊಟ್ಟೆಯಲ್ಲಿರುತ್ತದೆ. ಆದರೆ ಅವುಗಳನ್ನು ಮರೆತು ಬಿಟ್ಟಿರುವುದಿಲ್ಲ. ಎಲ್ಲಿದೆ, ಎಷ್ಟು ಬಲಿತಿದೆ ಎಂಬುದು ಮನೆಯ ಯಜಮಾನಿಗೆ ದಿನವೂ ಗೊತ್ತಿರುತ್ತದೆ; ದಾರಿಹೋಕರು ಕೀಳದಿರಲೆಂದು ಹಳೆಯ ಬಟ್ಟೆಯ ಚೂರೊಂದನ್ನು ಗುರುತಿಗೆ ಕಟ್ಟಿರುತ್ತಾಳೆ.

ಮನುಷ್ಯರ ವಿಷಯದಲ್ಲೂ ಮಾಡಬಹುದಾದದ್ದು ಅಷ್ಟೇ. ಕಚೇರಿಯಲ್ಲಿ ತಂಬೂರಿ ಹಿಡಿದವರ, ಊರ ಹಬ್ಬದಲ್ಲಿ ಸೋಬಾನೆ ಹಾಡಿದ ಅಜ್ಜಿಯ, ಸಮಾರಂಭದ ಅಡುಗೆ ಮನೆಯಲ್ಲಿ ನಸುಕಿನಿಂದ ನಿಂತವರ ಹೆಸರೇನೆಂದು ಕೇಳುವುದು. ಕೇಳಿದ್ದನ್ನು ಕರಪತ್ರದಲ್ಲಿ, ‘ಮತ್ತು ಸಂಗಡಿಗರು’ ಎಂಬ ಜಾಗದಲ್ಲಿ, ಬರೆಯುವುದು. ಬೇಡವೆಂದು ಅವರೇ ಹೇಳಿದರೆ ಎಲೆಯನ್ನು ಮೊದಲಿದ್ದಂತೆ ಮೆಲ್ಲಗೆ ಬಿಡುವುದು.